ಏನೂ ಹಾಕದ ಸಾಲು

ಜೀವಕೋಶಗಳು ಮುನಿಸಿಕೊಂಡರೆ ದೊಡ್ಡಮ್ಮನ ಕೈಗೆ ಕೊಟ್ಟುಬಿಡಬೇಕು ಎಂಬುದು ಆ ಲ್ಯಾಬಿನಲ್ಲಿ ಯಾರೂ ಬರೆದಿಡದ ಕಾನೂನು. ಬೇರೆಯವರ ಕೈಯಲ್ಲಿ ಸೊರಗಿ, ಪ್ಲೇಟಿನ ತಳ ಬಿಟ್ಟು ತೇಲುತ್ತಿದ್ದ ಕೋಶಗಳು ಅವರ ಕೈಗೆ ಹೋದ ನಾಲ್ಕೇ ದಿನಕ್ಕೆ ಮೈಕೈ ತುಂಬಿಕೊಂಡು, ಒಂದಕ್ಕೊಂದು ಒತ್ತಿ ಕೂತು, ಜಾಗ ಸಾಲದೆ ಜಗಳ ತೆಗೆಯುವ ಹಂತಕ್ಕೆ ಬಂದಿರುತ್ತಿದ್ದವು. ಇದಕ್ಕೆ ಕೈಗುಣ ಎನ್ನದೆ ಇನ್ನೇನು ಎನ್ನಬೇಕು? ವಿಜ್ಞಾನ ಓದಿದವರು ಕೈಗುಣವನ್ನು ನಂಬಬಾರದು, ನಿಜ. ಆದರೆ ಕೋಶಗಳು ಕೈಕೊಟ್ಟಾಗ ಅವರೆಲ್ಲ ಎದ್ದುಬಿದ್ದು ಓಡುತ್ತಿದ್ದುದು ದೊಡ್ಡಮ್ಮನ ಹತ್ತಿರವೇ.

ಅವರು ಅಲ್ಲಿ ಯಾರಿಗೂ ದೊಡ್ಡಮ್ಮನಲ್ಲ. ಇಪ್ಪತ್ತಾರು ವರ್ಷದಿಂದ ಟೆಕ್ನಿಷಿಯನ್. ಪದವಿಯ ಬಾಲ ಹೆಸರಿನ ಹಿಂದೆ ಇಲ್ಲದಿದ್ದರೂ ಪ್ರತಿ ವಾರದ ಸೆಮಿನಾರಿನಲ್ಲಿ ಕೊನೆಯ ಕುರ್ಚಿಯಲ್ಲಿ ಕೂತು, ಒಂದು ಪ್ರಶ್ನೆಯನ್ನೂ ಕೇಳದೆ, ಎಲ್ಲವನ್ನೂ ಕಿವಿಗೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಇನ್ನು ಮೂರು ವಾರಕ್ಕೆ ನಿವೃತ್ತಿ. ಬೀಳ್ಕೊಡುಗೆಯ ದಿನ ಲ್ಯಾಬಿನ ಮುಖ್ಯಸ್ಥೆ ಮೇಡಂ ಮಾತಾಡುವುದು ಅವರ ಕೈಯ ಬಗ್ಗೆಯೇ ಎಂದು ಎಲ್ಲರಿಗೂ ಗೊತ್ತಿತ್ತು.

ಗುಬ್ಬಿಯ ಕೈಗೆ ಅಂಥ ಹೆಸರೇನೂ ಇರಲಿಲ್ಲ. ಗುಬ್ಬಿ ಮನೆಯಲ್ಲಿ ಇಟ್ಟ ಹೆಸರು. ಒಮ್ಮೆ ಅವಳ ಅಮ್ಮ ಫೋನಿನಲ್ಲಿ ಜೋರಾಗಿ "ಗುಬ್ಬೀ, ಊಟ ಆಯ್ತೇನೇ?" ಎಂದದ್ದು ಪಕ್ಕದ ಮೇಜಿನವರ ಕಿವಿಗೆ ಬಿತ್ತು. ಅಲ್ಲಿಗೆ ಇಪ್ಪತ್ತೆಂಟು ವರ್ಷದ ಸಂಶೋಧಕಿ ಇಡೀ ಲ್ಯಾಬಿಗೆ ಗುಬ್ಬಿಯಾದಳು. ಐದನೇ ವರ್ಷದ ಪಿಎಚ್‌ಡಿ, ಪಿಪೆಟ್ ಹಿಡಿದರೆ ಸಣ್ಣಗೆ ನಡುಗುವ ಬೆರಳು, ಎಲ್ಲದಕ್ಕೂ ತನ್ನದೇ ತಪ್ಪು ಎಂದುಕೊಳ್ಳುವ ಸ್ವಭಾವ. ಈ ಕೊನೆಯದು ಅವಳಿಗೆ ಅಂಟಿದ ಕಾಯಿಲೆಯೆಂದೇ ಹೇಳಬೇಕು.

ಅವಳ ಕೆಲಸ ಗರ್ಭಕೋಶದ ಒಳಪದರದ ಕೋಶಗಳ ಮೇಲೆ. ಈ ಒಳಪದರ ಈಸ್ಟ್ರೋಜೆನ್ ಹೇಳಿದ ಹಾಗೆ ಕೇಳುತ್ತದೆ. ಹಾರ್ಮೋನು ಬಂದರೆ ಬೆಳೆಯುತ್ತದೆ, ಹೋದರೆ ತೆಪ್ಪಗಾಗುತ್ತದೆ. ಸೋಯಾದಂಥ ಗಿಡಗಳಲ್ಲೂ ಈಸ್ಟ್ರೋಜೆನ್ನನ್ನು ಹೋಲುವ ಪದಾರ್ಥ ಇದೆ. ಅದು ಒಳಪದರದ ಕೋಶಗಳನ್ನು ಬೆಳೆಸುತ್ತದೆಯೋ ಇಲ್ಲವೋ, ಈಸ್ಟ್ರೋಜೆನ್ ತಡೆಯುವ ಔಷಧಿಗಳು ಅಲ್ಲಿ ಹೇಗೆ ನಡೆದುಕೊಳ್ಳುತ್ತವೆ, ಇದೇ ಅವಳ ಪ್ರಶ್ನೆ. ಅದರಲ್ಲೂ ಎದೆಯ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಎಂಬ ಮಾತ್ರೆಯದು ವಿಚಿತ್ರ ನಡತೆ. ಎದೆಯಲ್ಲಿ ಈಸ್ಟ್ರೋಜೆನ್ನಿಗೆ ಅಡ್ಡ ನಿಲ್ಲುವ ಅದೇ ಮಾತ್ರೆ ಗರ್ಭಕೋಶಕ್ಕೆ ಹೋದರೆ ತಾನೇ ಸ್ವಲ್ಪ ಈಸ್ಟ್ರೋಜೆನ್ನಿನ ಹಾಗೆ ಆಡುತ್ತದೆ. ಒಂದು ಮನೆಯಲ್ಲಿ ಸಾಧು, ಇನ್ನೊಂದು ಮನೆಯಲ್ಲಿ ಪೋಕರಿ.

ಇದೆಲ್ಲ ಅವಳಿಗೆ ನಾಲ್ಕು ವರ್ಷ ಬರೀ ಓದಿನ ವಿಷಯವಾಗಿತ್ತು. ಐದನೆಯ ವರ್ಷ ಅಮ್ಮನ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು. ಗುಬ್ಬಿ ಆರು ವಾರ ರಜೆ ಹಾಕಿ ಅಮ್ಮನ ಮಂಚದ ಪಕ್ಕದಲ್ಲಿ ಕೂತಳು. ಕೊನೆಗೆ ಡಾಕ್ಟರು ಬರೆದುಕೊಟ್ಟದ್ದು ಅದೇ ಟ್ಯಾಮಾಕ್ಸಿಫೆನ್. ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ಹೊತ್ತಿಲ್ಲ ಗೊತ್ತಿಲ್ಲ ಮೈಯೆಲ್ಲ ಧಗಧಗ ಎನ್ನುತ್ತಿತ್ತು. ಮುಖ ಕೆಂಪಾಗಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಮೇಲಿನ ಮನೆಯಾಕೆ ಬಂದವರು, ಈ ಧಗೆಗೆ ಸೋಯಾ ಪುಡಿಯಂಥದ್ದು ಇನ್ನೊಂದಿಲ್ಲ, ದಿನಕ್ಕೆ ಎರಡು ಚಮಚ ಹಾಲಿನಲ್ಲಿ ಕಲಸಿ ಕುಡಿಯಿರಿ ಎಂದು ಡಬ್ಬಿಯನ್ನೇ ಕೊಟ್ಟು ಹೋದರು.

"ಡಾಕ್ಟರನ್ನ ಕೇಳಮ್ಮ" ಎಂದಳು ಗುಬ್ಬಿ.

"ಡಾಕ್ಟರಿಗೆ ನನ್ನ ಜೊತೆ ಮಾತಾಡೋಕೆ ಐದು ನಿಮಿಷ. ನೀನು ಇದನ್ನೇ ಐದು ವರ್ಷದಿಂದ ಕುಟ್ತಾ ಇದ್ದೀಯ. ನೀನು ಹೇಳು, ಕುಡೀಲೋ ಬೇಡ್ವೋ?"

"ಇನ್ನೂ ಪೂರ್ತಿ ಗೊತ್ತಾಗಿಲ್ಲ. ಸ್ವಲ್ಪ ದಿನ ಇರು, ರಿಸಲ್ಟ್ ಬರ್ಲಿ."

"ಸರಿ. ನಿನ್ನ ರಿಸಲ್ಟ್ ಬರೋ ತನಕ ನಾನು ಬೇಯ್ತಾ ಇರ್ತೀನಿ ಬಿಡು" ಎಂದು ಅಮ್ಮ ಸೆರಗಿನಲ್ಲಿ ಗಾಳಿ ಹಾಕಿಕೊಂಡರು. ಮಗಳ ಮೇಲೆ ಅವರಿಗೆ ಅಷ್ಟು ನಂಬಿಕೆ. ಆ ನಂಬಿಕೆಯೇ ಗುಬ್ಬಿಗೆ ಎದೆಭಾರ.

ಗುಬ್ಬಿ ರಜೆಯಲ್ಲಿದ್ದ ಆರು ವಾರ ಪ್ರಯೋಗ ನಿಲ್ಲಿಸುವ ಹಾಗಿರಲಿಲ್ಲ. ದೊಡ್ಡಮ್ಮ ತಾವೇ ಮುಂದೆ ಬಂದು, "ನೀನು ಅಮ್ಮನ್ನ ನೋಡ್ಕೋ, ಇವನ್ನ ನಾನು ನೋಡ್ಕೋತೀನಿ" ಎಂದಿದ್ದರು. ಹೇಳಿದಂತೆ ಮೂರು ಸುತ್ತು ಮಾಡಿ ಮುಗಿಸಿದ್ದರು. ಪ್ರತಿ ಪ್ಲೇಟಿನಲ್ಲೂ ಐದು ಸಾಲು ಪುಟ್ಟ ಗುಳಿಗಳು. ಮೊದಲ ಸಾಲಿಗೆ ಏನೂ ಹಾಕುವುದಿಲ್ಲ. ಉಳಿದದ್ದನ್ನೆಲ್ಲ ಅದರ ಜೊತೆಗೇ ಹೋಲಿಸಬೇಕು. ಎರಡನೆಯದಕ್ಕೆ ಈಸ್ಟ್ರೋಜೆನ್, ಮೂರನೆಯದಕ್ಕೆ ಸೋಯಾದಿಂದ ತೆಗೆದ ಪದಾರ್ಥ, ನಾಲ್ಕನೆಯದಕ್ಕೆ ಅಮ್ಮನ ಮಾತ್ರೆ. ಐದನೆಯದಕ್ಕೆ, ಎಲ್ಲೂ ನಾಟಕ ಆಡದೆ ಈಸ್ಟ್ರೋಜೆನ್ ಕೂರುವ ಜಾಗವನ್ನೇ ಬಂದ್ ಮಾಡಿಬಿಡುವ ಇನ್ನೊಂದು ಔಷಧಿ. ಎರಡು ದಿನಕ್ಕೊಮ್ಮೆ ಮೀಡಿಯಂ, ಅಂದರೆ ಕೋಶಗಳ ಆಹಾರದ ದ್ರವ, ಬದಲಿಸಬೇಕು. ಆರನೆಯ ದಿನ ಕೋಶಗಳನ್ನು ತೊಳೆದು, ತಳದಿಂದ ಎಬ್ಬಿಸಿ, ಎಣಿಸಬೇಕು.

ದೊಡ್ಡಮ್ಮನ ಎಣಿಕೆಯಲ್ಲಿ ಸೋಯಾ ಸಾಲಿಗೂ ಏನೂ ಹಾಕದ ಸಾಲಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಮೂರು ಸುತ್ತಿನಲ್ಲೂ ಹಾಗೆಯೇ. ಸೋಯಾ ಒಳಪದರದ ಗೋಜಿಗೇ ಹೋಗುವುದಿಲ್ಲ ಎಂದಾಯಿತು.

ಗುಬ್ಬಿ ವಾಪಸು ಬಂದು ತಾನೇ ಎರಡು ಸುತ್ತು ಮಾಡಿದಳು. ಬೇರೆಯೇ ಕಥೆ! ಏನೂ ಹಾಕದ ಸಾಲಿನಲ್ಲಿ ಕೋಶಗಳು ಅಲ್ಲೊಂದು ಇಲ್ಲೊಂದು, ಬಡಪಾಯಿಗಳ ಹಾಗೆ ಬಿದ್ದಿದ್ದವು. ಸೋಯಾ ಸಾಲಿನಲ್ಲಿ ಅದರ ಎರಡರಷ್ಟು. ಅವಳು ಎದ್ದು ಮೇಡಂ ಹತ್ತಿರ ಹೋದಳು.

ಮೇಡಂ ಎರಡೂ ಎಣಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ಕನ್ನಡಕ ಏರಿಸಿದರು. "ನಿನ್ನ ಮೊದಲ ಸಾಲೇ ಸರಿಯಾಗಿ ಬೆಳೆದಿಲ್ಲವಲ್ಲ. ಕೋಶಗಳು ಸೊರಗಿವೆ. ಮನೆಯಲ್ಲಿ ಅಷ್ಟೆಲ್ಲ ತಾಪತ್ರಯ, ಕೈ ಸ್ವಲ್ಪ ಹಿಡಿತ ತಪ್ಪಿರಬಹುದು. ಬೇಸರ ಮಾಡ್ಕೋಬೇಡ. ದೊಡ್ಡಮ್ಮನ ಮೂರು ಸುತ್ತು ಇಟ್ಕೊಂಡು ಪೇಪರ್ ಬರಿ, ನಿನ್ನದನ್ನ ಬಿಡು."

ಗುಬ್ಬಿ ತಲೆಯಾಡಿಸಿದಳು. ತನ್ನ ಕೈಯೇ ಕೆಟ್ಟದ್ದು ಎಂಬುದನ್ನು ಅವಳಿಗೆ ಒಪ್ಪಿಸುವುದು ಕಷ್ಟವಾಗಲಿಲ್ಲ. ದೊಡ್ಡಮ್ಮನ ಕೈ ಒಂದು ಹೇಳಿ ತನ್ನ ಕೈ ಇನ್ನೊಂದು ಹೇಳಿದರೆ ಯಾರು ಸರಿ ಎಂದು ಕೇಳುವುದೂ ನಾಚಿಕೆಗೇಡು ಎನಿಸಿತು. ಅದೇ ಸಂಜೆ ಮನೆಗೆ ಹೋದವಳು ಧಗೆಯಲ್ಲಿ ಒದ್ದಾಡುತ್ತಿದ್ದ ಅಮ್ಮನನ್ನು ನೋಡಿ, "ಕುಡಿಯಮ್ಮ, ಏನೂ ಆಗಲ್ಲ" ಎಂದುಬಿಟ್ಟಳು. ಅಮ್ಮ ಕೂಡಲೇ ಚಮಚ ಹುಡುಕಿದರು.

ಅದಾಗಿ ಎಂಟು ದಿನ. ಮಧ್ಯಾಹ್ನ ಊಟ ಮುಗಿಸಿ ಗುಬ್ಬಿ ಪೇಪರಿನ ಮೊದಲ ಪುಟ ತಿದ್ದುತ್ತಿದ್ದಳು. ದೊಡ್ಡಮ್ಮ ನಿವೃತ್ತಿಗೆ ಮುಂಚೆ ತಮ್ಮ ಹಳೆಯ ರಿಜಿಸ್ಟರುಗಳನ್ನೆಲ್ಲ ಶುದ್ಧಪ್ರತಿ ಮಾಡಿಡುತ್ತಿದ್ದರು. ಯಾರೂ ಹೇಳಿರಲಿಲ್ಲ. ಕೆಲಸ ಬಿಟ್ಟು ಹೋಗುವವರು ಮನೆ ಗುಡಿಸಿ ಹೋಗಬೇಕು ಎಂಬುದು ಅವರ ಲೆಕ್ಕ. ತಮ್ಮದೊಂದು, ಗುಬ್ಬಿಯದೊಂದು ರಿಜಿಸ್ಟರನ್ನು ಎದೆಗವಚಿಕೊಂಡು ಗುಬ್ಬಿಯ ಮೇಜಿನ ಹತ್ತಿರ ಬಂದು ನಿಂತರು.

"ಗುಬ್ಬಿ, ನಿನ್ನ ತಲೆ ಒಂಚೂರು ತಿನ್ಲಾ?"

"ತಿನ್ನಿ ದೊಡ್ಡಮ್ಮ, ಉಳಿದಿರೋದೇ ಅಷ್ಟು."

ಅವರು ನಗಲಿಲ್ಲ. ರಿಜಿಸ್ಟರು ಬಿಡಿಸಿ ಬೆರಳಿಟ್ಟರು. "ಈ ಐದನೇ ಸಾಲು ನೋಡು. ಇದು ಈಸ್ಟ್ರೋಜೆನ್ ತಡೆಯೋ ಔಷಧಿ ತಾನೆ? ನನ್ನ ಪ್ಲೇಟಲ್ಲಿ ಅದನ್ನ ಹಾಕಿದ ಕಡೆ ಸೆಲ್‌ಗಳು ಅರ್ಧಕ್ಕೆ ಇಳಿದಿವೆ. ಮೂರು ಸುತ್ತಲ್ಲೂ. ನಿನ್ನ ಪ್ಲೇಟಲ್ಲಿ ಅದನ್ನ ಹಾಕಿದ್ರೂ ಅಷ್ಟೇ, ಹಾಕದಿದ್ರೂ ಅಷ್ಟೇ."

"ನನ್ನವು ಮೊದಲೇ ಸೊರಗಿದ್ವು ದೊಡ್ಡಮ್ಮ. ಅದಕ್ಕೆ."

"ನಿನ್ನದನ್ನ ಪಕ್ಕಕ್ಕಿಡು. ನನ್ನದು ಹೇಳು. ನಾವು ಈಸ್ಟ್ರೋಜೆನ್ ಹಾಕೇ ಇಲ್ಲ. ಮೀಡಿಯಂಗೆ ಬೆರೆಸೋ ಸೀರಂನೂ ಇದ್ದಿಲ ಪುಡಿಯಲ್ಲಿ ಸೋಸಿ ಹಾರ್ಮೋನೆಲ್ಲ ತೆಗೆದಿದ್ದೀವಿ. ಬಾಗಿಲಿಗೆ ಯಾರೂ ಬಂದೇ ಇಲ್ಲ ಅಂದ್ಮೇಲೆ ಕಾವಲುಗಾರ ಯಾರನ್ನ ತಡೆದ?"

ಗುಬ್ಬಿ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. ಆ ಅಂಕಿಗಳನ್ನು ಅವಳು ಹತ್ತು ಸಲ ನೋಡಿದ್ದಳು. ಮೇಡಂ ನೋಡಿದ್ದರು. ಇಬ್ಬರಿಗೂ ಕಣ್ಣಿಗೆ ಬಿದ್ದದ್ದು ಮೂರನೆಯ ಸಾಲೊಂದೇ, ಯಾಕೆಂದರೆ ಇಬ್ಬರಿಗೂ ಬೇಕಾಗಿದ್ದುದು ಅದೇ. ಐದನೆಯ ಸಾಲನ್ನು ಓದಲು ಕೊನೆಯ ಕುರ್ಚಿಯವರು ಬರಬೇಕಾಯಿತು. ಇಪ್ಪತ್ತಾರು ವರ್ಷ ಒಂದೂ ಪ್ರಶ್ನೆ ಕೇಳದೆ ಕೂಡಿಟ್ಟು, ಕೇಳಿದಾಗ ಇಂಥದ್ದನ್ನು ಕೇಳಿದ ಆ ಹೆಂಗಸಿನ ಮುಖವನ್ನು ಗುಬ್ಬಿ ಹೊಸದಾಗಿ ನೋಡಿದಳು.

"ನಿಮ್ಮ ಪ್ಲೇಟಲ್ಲಿ ಯಾವುದೋ ಈಸ್ಟ್ರೋಜೆನ್ ಇತ್ತು" ಎಂದಳು ನಿಧಾನವಾಗಿ. "ಎಲ್ಲಾ ಸಾಲಲ್ಲೂ. ಅದಕ್ಕೇ ಏನೂ ಹಾಕದ ಸಾಲೂ ಅಷ್ಟು ಬೆಳೀತು. ಸೋಯಾ ಹಾಕಿದ್ರೂ ಗೊತ್ತಾಗಲಿಲ್ಲ. ಆದ್ರೆ ಎಲ್ಲಿಂದ ಬಂತು?"

"ಅದನ್ನೇ ಬೆಳಿಗ್ಗೆಯಿಂದ ಯೋಚನೆ ಮಾಡ್ತಾ ಇದ್ದೀನಿ. ಅದೇ ಸೀರಂ, ಅದೇ ಪ್ಲೇಟು, ಅದೇ ಇನ್‌ಕ್ಯುಬೇಟರ್. ನಾನು ಮಾಡಿ ನೀನು ಮಾಡದೇ ಇರೋದು ಒಂದೇ ಒಂದು." ದೊಡ್ಡಮ್ಮ ಹೋಗಿ ಫ್ರಿಜ್ಜಿನ ಬಾಗಿಲ ಗೂಡಿನಿಂದ ಸಣ್ಣ ಕಂದು ಬಾಟಲಿ ತಂದು ಮೇಜಿನ ಮೇಲಿಟ್ಟರು.

ಅದು ಕೆಂಪು ಬಣ್ಣ. ಸಾಮಾನ್ಯ ಮೀಡಿಯಂಗಳಲ್ಲೆಲ್ಲ ಅದು ಇದ್ದೇ ಇರುತ್ತದೆ. ಮೀಡಿಯಂ ತಾಜಾ ಇರುವಾಗ ಕೆಂಪಗಿರುತ್ತದೆ. ಕೋಶಗಳು ಉಂಡು ಉಂಡು ಅದು ಹುಳಿಯಾದರೆ ಹಳದಿಗೆ ತಿರುಗುತ್ತದೆ. ದೊಡ್ಡಮ್ಮ ಇಪ್ಪತ್ತಾರು ವರ್ಷ ಕೋಶಗಳ ಹಸಿವನ್ನು ಓದಿದ್ದೇ ಆ ಬಣ್ಣದಲ್ಲಿ. ಈ ಪ್ರಯೋಗಕ್ಕೆ ಮಾತ್ರ ಬಣ್ಣವಿಲ್ಲದ ಮೀಡಿಯಂ ಬಳಸಬೇಕೆಂದು ಮೇಡಂ ಅಪ್ಪಣೆಯಾಗಿತ್ತು.

"ನೀರಿನ ಹಾಗಿತ್ತು ಕಣೇ ಅದು. ಮಗು ಉಂಡಿದ್ಯೋ ಹಸಿದಿದ್ಯೋ ಗೊತ್ತಾಗೋದು ಹೇಗೆ? ನಿನ್ನ ಸೆಲ್‌ಗಳು, ನೀನು ಬೇರೆ ಇಲ್ಲ, ನನ್ನ ಕೈಯಲ್ಲಿ ಏನಾದ್ರೂ ಆದ್ರೆ ಅಂತ ಭಯ. ಬಾಟಲಿಗೆ ನಾಲ್ಕು ತೊಟ್ಟು ಹಾಕ್ದೆ. ಬಣ್ಣ ತಾನೆ, ಬಣ್ಣ ಏನು ಮಾಡುತ್ತೆ ಅಂದ್ಕೊಂಡೆ. ಏನಾದ್ರೂ ಮಾಡುತ್ತಾ?"

ಮಾಡುತ್ತದೆ, ಗುಬ್ಬಿಗೆ ಗೊತ್ತಿತ್ತು. ಆ ಬಣ್ಣವೇ ಕೋಶಗಳ ಮುಂದೆ ತಾನೂ ಈಸ್ಟ್ರೋಜೆನ್ ಎಂದು ವೇಷ ಹಾಕುತ್ತದೆ. ಮೊದಲ ವರ್ಷವೇ ಓದಿದ್ದಳು. ಬಣ್ಣವಿಲ್ಲದ ಮೀಡಿಯಂ ತರಿಸಿದ್ದು ಇದೇ ಕಾರಣಕ್ಕೆ. ಓದಿದವರ ಚಾಳಿಯೇ ಇದು: ಏನು ಮಾಡಬೇಕೆಂದು ಅಪ್ಪಣೆ ಕೊಡುವುದು, ಯಾಕೆಂಬುದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವುದು. ಇದನ್ನು ಕೇಳಬೇಕಾದ ಕಿವಿ ಇಡೀ ಲ್ಯಾಬಿನಲ್ಲಿ ಒಂದಿತ್ತು. ಆ ಕಿವಿಗೆ ಮಾತ್ರ ಯಾರೂ ಹೇಳಿರಲಿಲ್ಲ.

"ಮಾಡುತ್ತೆ ದೊಡ್ಡಮ್ಮ" ಎಂದಳು.

ದೊಡ್ಡಮ್ಮ ಬಾಟಲಿಯನ್ನು ಕೈಗೆತ್ತಿಕೊಂಡರು. ಮುಖ ಚಿಕ್ಕದಾಯಿತು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಹಾಗಾದ್ರೆ ನಿನ್ನ ಕೈ ಸರಿಯಾಗಿತ್ತು. ನಿನ್ನ ಸೆಲ್‌ಗಳು ಸೊರಗಿರಲಿಲ್ಲ, ಹಾರ್ಮೋನಿಲ್ಲದೆ ಮಲಗಿದ್ವು. ಮಲಗ್ಬೇಕಿತ್ತು" ಎಂದರು. "ಅವನ್ನ ಬಿಸಾಕ್ಬೇಡ. ಬಿಸಾಕ್ಬೇಕಾಗಿದ್ದು ನನ್ನದು."

ಗುಬ್ಬಿಗೆ ತಡೆಯಲಾಗಲಿಲ್ಲ. ಆ ಕ್ಷಣ ಅವಳ ಕಣ್ಮುಂದೆ ಬಂದದ್ದು ಅಮ್ಮನಲ್ಲ, ಪೇಪರಲ್ಲ. ಮೂರು ವಾರದ ನಂತರದ ಬೀಳ್ಕೊಡುಗೆ. "ಬಿಡಿ ದೊಡ್ಡಮ್ಮ. ಯಾರಿಗೂ ಹೇಳೋದು ಬೇಡ. ನಿಮ್ಮ ಮೂರು ಸುತ್ತು ಫಂಗಸ್ ಬಂದು ಹಾಳಾಯ್ತು ಅಂತ ಬರೀತೀನಿ. ನಾನೇ ಸುಮ್ಮನೆ ಇನ್ನೊಂದು ಸಲ ಮಾಡಿಬಿಡ್ತೀನಿ. ಇಪ್ಪತ್ತಾರು ವರ್ಷದ ಹೆಸರು ನಾಲ್ಕು ತೊಟ್ಟಿಗೆ ಯಾಕೆ ಹೋಗ್ಬೇಕು?"

ದೊಡ್ಡಮ್ಮ ಅವಳ ಕಡೆ ನೋಡಿದ ನೋಟದಲ್ಲಿ ಬೈಗುಳವೂ ಇತ್ತು, ಅಕ್ಕರೆಯೂ ಇತ್ತು.

"ಫಂಗಸ್ಸಾ? ನನ್ನ ಪ್ಲೇಟಿಗಾ? ಕಪಾಳಕ್ಕೆ ಬಿಡ್ತೀನಿ ನೋಡು. ಅದಕ್ಕಿಂತ ಇದೇ ಮೇಲು." ನಂತರ ದನಿ ತಗ್ಗಿಸಿದರು. "ಯಾಕೆ ಕೆಡ್ತು ಅಂತ ಬರೀದೆ ಹೋದ್ರೆ, ನನ್ನ ಜಾಗಕ್ಕೆ ಬರೋಳು ಪಾಪ, ಅವಳಿಗೂ ಸೆಲ್‌ಗಳ ಮೇಲೆ ಪ್ರೀತಿ ಇರುತ್ತೆ, ಅವಳೂ ನಾಲ್ಕು ತೊಟ್ಟು ಹಾಕ್ತಾಳೆ. ಎದ್ದೇಳು, ಮೇಡಂ ಇನ್ನೂ ಇದ್ದಾರೆ."

ಮೇಡಂ ಕೋಣೆಯಲ್ಲಿ ದೊಡ್ಡಮ್ಮ ಕೂರಲಿಲ್ಲ. ನಿಂತೇ, ಬಾಟಲಿಯನ್ನು ಮೇಜಿನ ಮೇಲಿಟ್ಟು, ಐದನೆಯ ಸಾಲಿನಿಂದ ಶುರುಮಾಡಿ ನಾಲ್ಕು ತೊಟ್ಟಿನವರೆಗೆ ಒಂದೇ ಉಸಿರಿಗೆ ಹೇಳಿದರು. ಮಧ್ಯೆ ಎಲ್ಲೂ "ನನಗೆ ಯಾರೂ ಹೇಳಿರಲಿಲ್ಲ" ಎಂಬ ಮಾತು ಬರಲಿಲ್ಲ. ಅದು ಬರಬಹುದಿತ್ತು, ಬಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಗುಬ್ಬಿ ಕಾಯುತ್ತಲೇ ಇದ್ದಳು. ಮಾತು ಮುಗಿಸಿ ದೊಡ್ಡಮ್ಮ ರಿಜಿಸ್ಟರು ತೆರೆದು, ಮೂರೂ ಸುತ್ತಿನ ಪುಟಗಳ ಮೇಲೆ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: ಬಣ್ಣವಿಲ್ಲದ ಮೀಡಿಯಂಗೆ ನಾನು ಬಣ್ಣ ಸೇರಿಸಿದ್ದೆ. ಈ ಎಣಿಕೆಗಳನ್ನು ಬಳಸಬೇಡಿ. ಕೆಳಗೆ ಸಹಿ, ತಾರೀಖು.

ಮೇಡಂ ಆ ಪುಟವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. ಅದೇ ಪೆನ್ನು ತೆಗೆದುಕೊಂಡು ಸಹಿಯ ಕೆಳಗೆ ಒಂದು ಸಾಲು ಸೇರಿಸಿದರು: ಬಣ್ಣ ಯಾಕೆ ಬೇಡವೆಂದು ನಾನು ಇವರಿಗೆ ತಿಳಿಸಿರಲಿಲ್ಲ. ತಾವೂ ಸಹಿ ಹಾಕಿದರು. "ಕೂತ್ಕೊಳ್ಳಿ ದೊಡ್ಡಮ್ಮ" ಎಂದು ಎದ್ದು ತಮ್ಮ ಕುರ್ಚಿಯನ್ನೇ ಎಳೆದು ಕೊಟ್ಟರು. ದೊಡ್ಡಮ್ಮ ಈ ಸಲ ಕೂತರು.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಗುಬ್ಬಿ ಬಸ್ಸಿನಲ್ಲಿ ಕೂತವಳು ಅರ್ಧ ದಾರಿಯವರೆಗೂ ದೊಡ್ಡಮ್ಮನನ್ನೇ ಯೋಚಿಸುತ್ತಿದ್ದಳು. ಎಷ್ಟು ದೊಡ್ಡ ಮನಸ್ಸು, ಎಷ್ಟು ಚುರುಕು ತಲೆ, ನಾನಾಗಿದ್ದರೆ ಬಾಟಲಿಯನ್ನು ಸಿಂಕಿಗೆ ಸುರಿದು ಸುಮ್ಮನಾಗುತ್ತಿದ್ದೆ ಎಂದುಕೊಂಡಳು. ಹಾಗೆ ಹೊಗಳುತ್ತಾ ಕೂರುವುದು ಸುಲಭ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ, ತನ್ನ ನಾಲ್ಕು ತೊಟ್ಟು ಮನೆಯಲ್ಲಿ ಅಮ್ಮನ ಲೋಟದಲ್ಲಿದೆ ಎಂಬುದು ನೆನಪಾಯಿತು.

ಅಮ್ಮ ಬಾಗಿಲು ತೆಗೆದರು. ಎಂಟು ದಿನದಲ್ಲಿ ಮುಖಕ್ಕೆ ಕಳೆ ಬಂದಿತ್ತು. ಕಣ್ಣಿನ ಕೆಳಗಿನ ಕಪ್ಪು ಇಳಿದಿತ್ತು. "ಇವತ್ತೇನು ಇಷ್ಟು ಬೇಗ? ನಿನ್ನೆಯೂ ಚೆನ್ನಾಗಿ ನಿದ್ದೆ ಬಂತು ಕಣೇ. ಮಗಳು ಓದಿದ್ದು ಸಾರ್ಥಕ ಅಂತ ಮೇಲಿನ ಮನೆಯವರಿಗೂ ಹೇಳ್ದೆ."

ಫಂಗಸ್ ಬಂತು ಎನ್ನುವಂಥ ನೂರು ಮಾತು ಇಲ್ಲೂ ಇದ್ದವು. ಡಬ್ಬಿ ಹಳೆಯದು, ಬೇರೆ ತರೋಣ ಎನ್ನಬಹುದಿತ್ತು. ಡಾಕ್ಟರು ಬೇಡವೆಂದರು ಎನ್ನಬಹುದಿತ್ತು. ಚಪ್ಪಲಿಯನ್ನೂ ಬಿಡದೆ ಗುಬ್ಬಿ ಹೊಸಿಲಲ್ಲೇ ನಿಂತು ಹೇಳಿದಳು: "ಅಮ್ಮ, ನಾನು ತಪ್ಪು ಹೇಳಿದ್ದೆ. ಅದನ್ನ ಕುಡೀಬೇಡ."

"ಯಾಕೆ? ಏನಾಯ್ತು? ವಿಷಾನಾ?"

"ವಿಷ ಅಲ್ಲ. ಒಳಪದರ ಬೆಳೆಸಬಹುದು. ಬೆಳೆಸದೇನೂ ಇರಬಹುದು. ಪ್ಲೇಟಲ್ಲಿ ಆಗಿದ್ದು ನಿನ್ನ ಹೊಟ್ಟೆಯಲ್ಲೂ ಆಗುತ್ತೆ ಅಂತ ಹೇಳೋಕಾಗಲ್ಲ. ನಿನ್ನ ಮಾತ್ರೆ ಬೇರೆ ಅಲ್ಲೇ ತಂಟೆ ಮಾಡೋ ಪೈಕಿ. ನನಗೆ ಗೊತ್ತಿಲ್ಲಮ್ಮ. ಗೊತ್ತಿಲ್ಲದೇನೇ ಏನೂ ಆಗಲ್ಲ ಅಂದ್ಬಿಟ್ಟೆ. ನಾಳೆ ಡಾಕ್ಟರ ಹತ್ರ ನಾನೂ ಬರ್ತೀನಿ, ಎಂಟು ದಿನ ಕುಡಿದಿದ್ದೂ ಹೇಳೋಣ, ಸ್ಕ್ಯಾನ್ ಬೇಕಾ ಕೇಳೋಣ, ಧಗೆಗೆ ಬೇರೆ ಏನಾದ್ರೂ ಇದ್ಯಾ ಕೇಳೋಣ." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ಮೊದಲ ಸಾಲು, ಐದನೆಯ ಸಾಲು, ದೊಡ್ಡಮ್ಮ, ಬಾಟಲಿ, ಸಹಿ, ಎಲ್ಲವನ್ನೂ ಅಳುವಿನ ನಡುವೆಯೇ ಹೇಳಿ ಮುಗಿಸಿದಳು.

ಅಮ್ಮ ಎಲ್ಲ ಕೇಳಿಸಿಕೊಂಡರು. ಅವರ ಮುಖ ಒಂದು ಗಳಿಗೆ ಇಳಿದುಹೋಯಿತು. ಸಿಕ್ಕ ನಿದ್ದೆಯನ್ನು ಕಳೆದುಕೊಳ್ಳುವುದು ಸಣ್ಣ ಸಂಗತಿಯಲ್ಲ. ಆಮೇಲೆ ಸೆರಗಿನ ತುದಿಯಿಂದ ಮಗಳ ಮೂಗು ಒರೆಸಿದರು, ಐದು ವರ್ಷದ ಮಗುವಿಗೆ ಒರೆಸುವಷ್ಟೇ ಒರಟಾಗಿ.

"ಹೂಂ. ಇವತ್ತಿಂದ ಮತ್ತೆ ಬೇಯೋದು ತಾನೆ? ಬೇಯೋಣ ಬಿಡು" ಎಂದರು. ಒಳಗೆ ಹೆಜ್ಜೆ ಇಟ್ಟವರು ತಿರುಗಿ ನಿಂತರು. "ಗುಬ್ಬಿ, ಆವತ್ತು ನೀನು ಏನೂ ಆಗಲ್ಲ ಅಂದಾಗ ಕುಡಿದೆ, ನಿಜ. ಆದ್ರೆ ದಿನಾ ಲೋಟ ಎತ್ತುವಾಗ ಒಳಗೊಳಗೇ ಭಯ ಆಗ್ತಿತ್ತು. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಇವತ್ತು ನೀನು ಗೊತ್ತಿಲ್ಲ ಅಂದೆ ನೋಡು, ಈಗ ಭಯ ಹೋಯ್ತು."